ಕಂಪ್ಯೂಟರ್ ಒಳಗೇ ಬಿಡ್ತಿಲ್ಲವೇ? ಫಾರ್ಮ್ಯಾಟ್‌ಗೆ ಮುಂಚೆ ಇಷ್ಟು ನೋಡಿ

"ಕಂಪ್ಯೂಟರ್ ಆನ್ ಆಗ್ತಿಲ್ಲ" ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಬಟನ್ ಒತ್ತಿದರೆ ದೀಪವೇ ಹತ್ತದಿರುವುದು ಒಂದು. ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇರುವುದು ಇನ್ನೊಂದು. ಲೋಗೋ ಬಂದು, ಚುಕ್ಕಿಗಳು ಸುತ್ತುತ್ತಾ ಅಲ್ಲೇ ಕೂರುವುದು ಮೂರನೆಯದು. ಪಾಸ್‌ವರ್ಡ್ ಕೇಳುವ ತನಕ ಬಂದು ಬಾಗಿಲು ತೆರೆಯದಿರುವುದು ನಾಲ್ಕನೆಯದು. ಅಂಗಡಿಗೆ ಒಯ್ದರೆ ನಾಲ್ಕಕ್ಕೂ ಬರುವ ಉತ್ತರ ಸಾಮಾನ್ಯವಾಗಿ ಒಂದೇ: "ಫಾರ್ಮ್ಯಾಟ್ ಮಾಡ್ಬೇಕು ಸರ್." ಮೊದಲ ಎರಡಕ್ಕೂ ಫಾರ್ಮ್ಯಾಟ್‌ಗೂ, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದಕ್ಕೂ, ಸಂಬಂಧವೇ ಇಲ್ಲ. ಮೂರನೆಯದಕ್ಕೆ ಅದು ಕೊನೆಯ ಮದ್ದು. ನಾಲ್ಕನೆಯದಕ್ಕೆ ಅದರ ಅಗತ್ಯ ಬೀಳುವುದೇ ಅಪರೂಪ. ಆದ್ದರಿಂದ ಗಾಡಿ ಯಾವ ಸ್ಟಾಪಿನಲ್ಲಿ ನಿಂತಿದೆ ಎಂದು ಮೊದಲು ನೋಡಿಕೊಳ್ಳಿ. ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ದೀಪವೇ ಹತ್ತದಿದ್ದರೆ ಸ್ಪೈಕ್ ಬಸ್ಟರ್, ಯುಪಿಎಸ್ ಎರಡನ್ನೂ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್ಟಿಗೆ ಹಾಕಿ ನೋಡಿ. ಡೆಸ್ಕ್‌ಟಾಪ್ ಆದರೆ ಹಿಂದುಗಡೆ ಎಸ್‌ಎಂಪಿಎಸ್‌ನ (ಒಳಗೆ ಕರೆಂಟ್ ಹಂಚುವ ಡಬ್ಬಿಯ) ಪುಟ್ಟ ಸ್ವಿಚ್ಚನ್ನೂ ನೋಡಿ. ಕಸ ಗುಡಿಸುವಾಗ ಅದು ಆಫ್ ಆಗಿರುವುದುಂಟು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಪವರ್ ಬಟನ್ ಅನ್ನು 30 ಸೆಕೆಂಡ್ ಒತ್ತಿ ಹಿಡಿದು, ಆಮೇಲೆ ಚಾರ್ಜರ್ ಹಾಕಿ ಆನ್ ಮಾಡಿ. ಇಷ್ಟಕ್ಕೂ ಜಗ್ಗದಿದ್ದರೆ ಅದು ರಿಪೇರಿಯವರ ಕೆಲಸ.

ಫ್ಯಾನ್ ತಿರುಗಿ ಪರದೆ ಕಪ್ಪಗಿದ್ದರೆ ಮಾನಿಟರ್ ಕೇಬಲ್ ಎಲ್ಲಿ ಸಿಕ್ಕಿಸಿದೆ ಎಂಬುದು ಮೊದಲ ಪ್ರಶ್ನೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್‌ನಲ್ಲಿ ಕೇಬಲ್ ಆ ಕಾರ್ಡಿಗೇ ಹೋಗಬೇಕು, ಮದರ್‌ಬೋರ್ಡಿನ ಕಿಂಡಿಗಲ್ಲ. ಅದು ಸರಿಯಿದ್ದರೆ ಅನುಮಾನ ಮೆಮೊರಿ ಪಟ್ಟಿಯಾದ ರ್‍ಯಾಮ್ ಮೇಲೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ರ್‍ಯಾಮ್‌ನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಮಬ್ಬು ಪೊರೆ ಕೂರುತ್ತದೆ. ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಹಿಡಿದು ಉಳಿದ ಕರೆಂಟ್ ಇಳಿಸಿ. ಸ್ಲಾಟಿನ ತುದಿಯ ಕ್ಲಿಪ್ ಸರಿಸಿ ಪಟ್ಟಿಯನ್ನು ಅಂಚಿನಲ್ಲಿ ಹಿಡಿದು ಮೇಲೆತ್ತಿ. ಮಕ್ಕಳ ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಹಲ್ಲುಗಳನ್ನು ಹಗುರವಾಗಿ ಉಜ್ಜಿ, ಪುಡಿಯನ್ನು ಒಣಬಟ್ಟೆಯಿಂದ ಒರೆಸಿ, ಟಕ್ ಎನ್ನುವ ತನಕ ಒತ್ತಿ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಆನ್ ಮಾಡಿ. ಕೆಟ್ಟಿರುವುದು ಯಾವುದು ಎಂದು ಗೊತ್ತಾಗುತ್ತದೆ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಇನ್ನೊಂದು ತರಲೆ ಇದೆ. ಮದರ್‌ಬೋರ್ಡಿನ ಮೇಲೆ ಸಿಆರ್ 2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಇರುತ್ತದೆ. ಅದು ಸತ್ತರೆ ಗಡಿಯಾರ ಹಿಂದಿನ ಯಾವುದೋ ವರ್ಷಕ್ಕೆ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದರ ಜೊತೆಗೇ ಬಯಾಸ್‌ನ (ವಿಂಡೋಸ್‌ಗೂ ಮುಂಚೆ ಏಳುವ ಮೂಲ ತಂತ್ರಾಂಶದ) ಸೆಟ್ಟಿಂಗ್‌ಗಳೂ ಅಳಿಸಿಹೋಗಬಹುದು. ಡಿಸ್ಕಿನ ಮೋಡ್ (ಕಂಪ್ಯೂಟರ್ ಡಿಸ್ಕಿನೊಂದಿಗೆ ವ್ಯವಹರಿಸುವ ರೀತಿ) ಎಎಚ್‌ಸಿಐ ಇದ್ದದ್ದು ರೇಡ್ ಆದರೆ, ಅಥವಾ ರೇಡ್ ಇದ್ದದ್ದು ಎಎಚ್‌ಸಿಐ ಆದರೆ, ವಿಂಡೋಸ್‌ಗೆ ತನ್ನ ಡಿಸ್ಕೇ ಕಾಣುವುದಿಲ್ಲ. "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಎಂಬ ನೀಲಿ ಪರದೆ ಬರುತ್ತದೆ, ನೋಡಿದವರು ಹಾರ್ಡ್ ಡಿಸ್ಕ್ ಹೋಯಿತು ಎಂದುಕೊಳ್ಳುತ್ತಾರೆ. ಸೆಲ್ ಬದಲಿಸಿ, ಬಯಾಸ್‌ನಲ್ಲಿ ಮೋಡ್ ಹಿಂದಿನಂತೆ ಮಾಡಿದರೆ ಮುಗಿಯಿತು. ಎಲ್ಲ ಸರಿಯಿರುವಾಗಲೇ ಬಯಾಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡವರಿಗೆ ಇದು ಹತ್ತು ನಿಮಿಷದ ಕೆಲಸ. "ನೋ ಬೂಟಬಲ್ ಡಿವೈಸ್" ಎಂದು ಬಂದರೆ ಮಾತ್ರ ಬಯಾಸ್‌ಗೆ ಇಳಿಯುವ ಮುಂಚೆ ಸಿಕ್ಕಿಸಿರುವ ಪೆನ್‌ಡ್ರೈವ್ ಕಿತ್ತು ನೋಡಿ.

ಈಗ ಸುತ್ತುವ ಚುಕ್ಕಿಗಳು. ದೊಡ್ಡ ಅಪ್‌ಡೇಟ್ ಆದ ಮೇಲೆ ಒಂದು ಗಂಟೆಯವರೆಗೆ ಸುಮ್ಮನಿರಿ, ಹಳೆಯ ಹಾರ್ಡ್ ಡಿಸ್ಕ್ ಆದರೆ ಇನ್ನೂ ಸ್ವಲ್ಪ. ಡಿಸ್ಕಿನ ದೀಪ ಮಿಣುಕುತ್ತಿದ್ದರೆ ಒಳಗೆ ಕೆಲಸ ನಡೆದಿದೆ ಎಂದರ್ಥ. ನಿಜಕ್ಕೂ ಸ್ತಬ್ಧವಾಗಿದ್ದರೆ ಲೋಗೋ ಬಂದಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಸಾಲಾಗಿ ಎರಡು ಮೂರು ಸಲ ಮಾಡಿದರೆ ವಿಂಡೋಸ್ ತಾನಾಗಿಯೇ "ಆಟೋಮ್ಯಾಟಿಕ್ ರಿಪೇರಿ" ತೆರೆಯುತ್ತದೆ. ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್ ದಾಟಿದರೆ ಬೇಕಾದ ಸಾಮಾನೆಲ್ಲ ಸಿಗುತ್ತದೆ. ಮೊದಲು ಸ್ಟಾರ್ಟ್‌ಅಪ್ ರಿಪೇರಿ. ತೊಂದರೆ ಅಪ್‌ಡೇಟ್ ಆದ ಮರುದಿನ ಶುರುವಾಗಿದ್ದರೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ಎರಡೂ ಫಲಿಸದಿದ್ದರೆ ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್‌ಗೆ ಹೋಗಿ ರೀಸ್ಟಾರ್ಟ್ ಕೊಟ್ಟು 4 ಒತ್ತಿದರೆ ಸೇಫ್ ಮೋಡ್ (ಅತ್ಯಗತ್ಯವಾದದ್ದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಏಳುವ ಸ್ಥಿತಿ), 5 ಒತ್ತಿದರೆ ಇಂಟರ್ನೆಟ್ ಸಹಿತ ಸೇಫ್ ಮೋಡ್.

ಸೇಫ್ ಮೋಡ್ ಮದ್ದಲ್ಲ, ಪರೀಕ್ಷೆ. ಅದರಲ್ಲಿ ಸಲೀಸಾಗಿ ತೆರೆದುಕೊಂಡರೆ ವಿಂಡೋಸ್ ಗಟ್ಟಿಯಾಗಿದೆ. ಹೊರಗಿನಿಂದ ಬಂದ ಡ್ರೈವರ್ರೋ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶ) ಆ್ಯಂಟಿವೈರಸ್ಸೋ ದಾರಿಗೆ ಅಡ್ಡ ಬಿದ್ದಿದೆ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಯಲ್ಲಿ ನಿಂತವಲ್ಲ, ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ಭದ್ರತಾ ತಂತ್ರಾಂಶದ ಅಪ್‌ಡೇಟ್‌ನಿಂದ, ಅಲ್ಲಿಯೂ ಕೈಯಾರೆ ಮಾಡಿದ ಪರಿಹಾರ ಇದೇ: ಸೇಫ್ ಮೋಡಿಗೆ ಹೋಗಿ ಕೆಟ್ಟ ಫೈಲ್ ಅಳಿಸುವುದು. ಮನೆಯಲ್ಲಾದರೆ ಇತ್ತೀಚೆಗೆ ಹಾಕಿದ್ದನ್ನು ತೆಗೆಯಿರಿ, ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಡ್ರೈವರನ್ನು ರೋಲ್ ಬ್ಯಾಕ್ ಮಾಡಿ, ಅಂದರೆ ಹಳೆಯ ಆವೃತ್ತಿಗೆ ಮರಳಿಸಿ. ಸೇಫ್ ಮೋಡಿನಲ್ಲೂ ನಿಂತರೆ ಡಿಸ್ಕ್ ಅಥವಾ ಸಿಸ್ಟಂ ಫೈಲುಗಳನ್ನು ಅನುಮಾನಿಸಿ. ಎಲ್ಲರೂ ಕಣ್ಣುಮುಚ್ಚಿ ಹೇಳುವ, ಡಿಸ್ಕಿನ ದೋಷ ಹುಡುಕುವ ಚೆಕ್‌ಡಿಸ್ಕ್ ಬಗ್ಗೆ ಒಂದು ಎಚ್ಚರಿಕೆ: ಹಾರ್ಡ್ ಡಿಸ್ಕ್ ಟಿಕ್ ಟಿಕ್ ಸದ್ದು ಮಾಡುತ್ತಿದ್ದರೆ ಅದನ್ನು ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕನ್ನು ಗಂಟೆಗಟ್ಟಲೆ ದುಡಿಸಿದರೆ ಫೋಟೋಗಳೂ ಜೊತೆಗೇ ಹೋಗುತ್ತವೆ. ಮೊದಲು ಕಾಪಿ, ಆಮೇಲೆ ರಿಪೇರಿ.

ಈ ದಾರಿಯ ನಡುವೆ ಬಹಳ ಜನರನ್ನು ಬೆಚ್ಚಿಬೀಳಿಸುವುದು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ನೀಲಿ ಪರದೆ. ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. "ನಾನು ಇಂಥದ್ದು ಹಾಕಿಯೇ ಇಲ್ಲ" ಎಂದರೆ ಅದು ನಿಜವೇ. ಮೈಕ್ರೋಸಾಫ್ಟ್ ಖಾತೆಯಿಂದ ಸೆಟ್‌ಅಪ್ ಮಾಡಿದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಬಯಾಸ್ ಅಪ್‌ಡೇಟ್ ಆದರೂ, ಬಯಾಸ್‌ನ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಿಸಿದರೂ, ಮದರ್‌ಬೋರ್ಡ್ ಹೊಸದಾದರೂ ಅದಕ್ಕೆ ಅನುಮಾನ ಬಂದು ಕೀ ಕೇಳುತ್ತದೆ. ಕೀ ಇರುವುದು ಅದೇ ಖಾತೆಯಲ್ಲಿ. ಮೊಬೈಲಿನಲ್ಲಿ ಲಾಗಿನ್ ಆಗಿ ಡಿವೈಸಸ್ ವಿಭಾಗದಲ್ಲಿ ಹುಡುಕಿ. ಹಲವು ಕೀಗಳಿದ್ದರೆ ಪರದೆಯಲ್ಲಿ ಕಾಣುವ ಕೀ ಐಡಿಯ ಮೊದಲ 8 ಅಕ್ಷರಗಳನ್ನು ತಾಳೆ ನೋಡಿ. ಅಂಗಡಿಯವರೋ ಅಣ್ಣನ ಮಗನೋ ಸೆಟ್‌ಅಪ್ ಮಾಡಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರಬಹುದು, ಮೊದಲು ಅವರಿಗೆ ಫೋನ್ ಮಾಡಿ. ಕೀ ಎಲ್ಲೂ ಇಲ್ಲದಿದ್ದರೆ ಮೈಕ್ರೋಸಾಫ್ಟ್‌ನವರೂ ತೆರೆದುಕೊಡಲಾರರು. ಆ ಸಂದರ್ಭದಲ್ಲಿ ಫಾರ್ಮ್ಯಾಟ್ ಎಂಬ ಮಾತನ್ನು ಒಪ್ಪಲೇಬೇಕು.

ಇನ್ನು ಬಾಗಿಲ ಬಳಿಯೇ ನಿಂತವರು. "ಪಾಸ್‌ವರ್ಡ್ ಸರಿಯಾಗೇ ಹೊಡೀತಿದೀನಿ, ತಪ್ಪು ಅಂತಿದೆ." ಕ್ಯಾಪ್ಸ್ ಲಾಕ್ ನೋಡಿರುತ್ತಾರೆ, ಭಾಷೆ ನೋಡಿರುವುದಿಲ್ಲ. ಲಾಗಿನ್ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಕೀಬೋರ್ಡಿನ ಭಾಷೆ ಕಾಣುತ್ತದೆ. ವಿಂಡೋಸ್‌ನ ಕನ್ನಡ ಕೀಬೋರ್ಡ್, ಅಂದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ, ಆನ್ ಇದ್ದರೆ ಎಂ, ಎ, ಎನ್, ಜಿ ಕೀಲಿಗಳನ್ನು ಒತ್ತಿದಾಗ ಮೂಡುವುದು "ಸೋಲು" ಎಂಬ ಪದ. ಮ್ಯಾಂಗೋ ಎಂದು ಬರೆಯಹೊರಟವರಿಗೆ ಸೋಲು! ಪರದೆಯಲ್ಲಿ ಬರೀ ಚುಕ್ಕಿಗಳಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಪಾಸ್‌ವರ್ಡ್ ಪಕ್ಕದ ಕಣ್ಣಿನ ಗುರುತನ್ನು ಒತ್ತಿ ಹಿಡಿದರೆ ಗುಟ್ಟು ಬಯಲಾಗುತ್ತದೆ. ವಿಂಡೋಸ್ ಕೀಲಿಯ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬನ್ನಿ. ನುಡಿ, ಬರಹ ತಂತ್ರಾಂಶಗಳನ್ನು ಇದಕ್ಕಾಗಿ ಬೈಯಬೇಡಿ. ಅವು ಲಾಗಿನ್ ಆದ ಮೇಲಷ್ಟೇ ಏಳುತ್ತವೆ. ಹಳೆಯ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ನಮ್ ಲಾಕ್ ಆನ್ ಆಗಿದ್ದರೆ ಜೆ, ಕೆ, ಎಲ್ ಒತ್ತಿದಾಗ 1, 2, 3 ಬೀಳುತ್ತದೆ, ಅದನ್ನೂ ನೋಡಿ. ಕೀಲಿಯೇ ಕೆಟ್ಟಿದೆ ಎನಿಸಿದರೆ ಅದೇ ಮೂಲೆಯ ಆಕ್ಸೆಸಿಬಿಲಿಟಿ ಗುರುತಿನಲ್ಲಿ ಪರದೆಯ ಕೀಬೋರ್ಡ್ ಸಿಗುತ್ತದೆ.

ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ಪಾಸ್‌ವರ್ಡ್ ಖಾತೆಯದು, ಪಿನ್ ಆ ಒಂದು ಯಂತ್ರದ್ದು, ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿಹಾಕಿದ್ದು. ಬಯಾಸ್ ಅಪ್‌ಡೇಟ್ ಆದ ಮೇಲೆ "ಪಿನ್ ಲಭ್ಯವಿಲ್ಲ" ಎಂಬ ಸಂದೇಶ ಬರುವುದು ಅದಕ್ಕೇ. ಸೈನ್ ಇನ್ ಆಪ್ಷನ್ಸ್‌ನಲ್ಲಿ ಪಾಸ್‌ವರ್ಡ್ ಆರಿಸಿ ಒಳಗೆ ಹೋಗಿ, ಪಿನ್ ತೆಗೆದು ಹೊಸದು ಹಾಕಿ. ಪಾಸ್‌ವರ್ಡ್ ಮರೆತು ಮೊಬೈಲಿನಲ್ಲಿ ಬದಲಿಸಿದವರು ಒಂದು ಮಾತು ನೆನಪಿಡಿ: ಕಂಪ್ಯೂಟರ್‌ಗೆ ನೆಟ್ ಸಿಗುವ ತನಕ ಅದಕ್ಕೆ ಹೊಸ ಪಾಸ್‌ವರ್ಡಿನ ಸುದ್ದಿಯೇ ಗೊತ್ತಿರುವುದಿಲ್ಲ, ಹಳೆಯದನ್ನೇ ಕೇಳುತ್ತದೆ. ಲಾಗಿನ್ ಪರದೆಯಲ್ಲೇ ವೈಫೈ ಗುರುತು ಒತ್ತಿ ಮೊದಲು ಕನೆಕ್ಟ್ ಆಗಿ. ಮೈಕ್ರೋಸಾಫ್ಟ್ ಖಾತೆಯಿಲ್ಲದ ಲೋಕಲ್ ಬಳಕೆದಾರರಾದರೆ ಒಮ್ಮೆ ತಪ್ಪು ಪಾಸ್‌ವರ್ಡ್ ಹೊಡೆದಾಗ ಕೆಳಗೆ ರೀಸೆಟ್ ಎಂಬ ಸಾಲು ಬರುತ್ತದೆ, ಭದ್ರತಾ ಪ್ರಶ್ನೆಗಳನ್ನು ಮೊದಲೇ ಹಾಕಿಟ್ಟಿದ್ದರೆ ಮಾತ್ರ. ಸುಮ್ಮನೆ ಹತ್ತಾರು ಸಲ ಪ್ರಯತ್ನಿಸುತ್ತಾ ಹೋದರೆ ಕೆಲವು ಯಂತ್ರಗಳು ಹತ್ತು ನಿಮಿಷ ಬೀಗ ಹಾಕಿಕೊಳ್ಳುತ್ತವೆ.

ಒಳಗೆ ಬಿಟ್ಟ ಮೇಲೂ ಎರಡು ಪೇಚುಗಳಿವೆ. ಪರದೆ ಕಪ್ಪಗಿದ್ದು ಮೌಸ್ ಬಾಣ ಮಾತ್ರ ಓಡಾಡುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ರನ್ ನ್ಯೂ ಟಾಸ್ಕ್‌ನಲ್ಲಿ ಎಕ್ಸ್‌ಪ್ಲೋರರ್ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ಡೆಸ್ಕ್‌ಟಾಪ್ ಬರುತ್ತದೆ. ಇನ್ನೊಂದು ಹೆದರಿಸುವಂಥದ್ದು: ಫೈಲುಗಳೆಲ್ಲ ಮಾಯ, ವಾಲ್‌ಪೇಪರೂ ಬೇರೆ. ವಿಂಡೋಸ್ ನಿಮ್ಮ ಪ್ರೊಫೈಲ್ ಓದಲಾಗದೆ ತಾತ್ಕಾಲಿಕ ಪ್ರೊಫೈಲ್‌ನಲ್ಲಿ ಕೂರಿಸಿದೆ ಅಷ್ಟೆ. ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಕೆಳಗೆ ಸಾಮಾನ್ಯವಾಗಿ ಎಲ್ಲವೂ ಹಾಗೇ ಇರುತ್ತದೆ. ಆದರೆ ಆ ಸ್ಥಿತಿಯಲ್ಲಿ ಡೆಸ್ಕ್‌ಟಾಪ್ ಮೇಲೆ ಹೊಸದಾಗಿ ಏನನ್ನೂ ಉಳಿಸಬೇಡಿ, ಸೈನ್ ಔಟ್ ಆದೊಡನೆ ಅಳಿಸಿಹೋಗುತ್ತದೆ. ಒಂದೆರಡು ಸಲ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ. ಫಾಸ್ಟ್ ಸ್ಟಾರ್ಟ್‌ಅಪ್ ಆನ್ ಇದ್ದಾಗ ಶಟ್‌ಡೌನ್ ಎಂಬುದು ಅರೆನಿದ್ದೆ. ವಿಂಡೋಸ್‌ನ ತಿರುಳು ಡಿಸ್ಕಿನಲ್ಲಿ ಹಾಗೇ ಉಳಿದು ಬೆಳಿಗ್ಗೆ ಅದೇ ದೋಷದೊಂದಿಗೆ ಏಳುತ್ತದೆ. ರೀಸ್ಟಾರ್ಟ್ ಮಾತ್ರ ಪೂರ್ತಿ ತೊಳೆದು ಶುರುಮಾಡುತ್ತದೆ.

ರೀಸ್ಟಾರ್ಟ್‌ಗೂ ಬಗ್ಗದ ಪ್ರೊಫೈಲನ್ನು ಸರಿಮಾಡಲು ಇನ್ನೊಂದು ಅಡ್ಮಿನ್ ಖಾತೆ ಬೇಕು, ಅದನ್ನು ಕಂಪ್ಯೂಟರ್ ಚೆನ್ನಾಗಿರುವಾಗಲೇ ಮಾಡಿಡಬೇಕು. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ನಲ್ಲಿ ಆ್ಯಡ್ ಅಕೌಂಟ್ ಕೊಟ್ಟು, ಈ ವ್ಯಕ್ತಿಯ ಸೈನ್ ಇನ್ ಮಾಹಿತಿ ಇಲ್ಲ ಎಂಬುದನ್ನೂ ಮೈಕ್ರೋಸಾಫ್ಟ್ ಖಾತೆಯಿಲ್ಲದ ಬಳಕೆದಾರ ಎಂಬುದನ್ನೂ ಆರಿಸಿ, ಕೊನೆಗೆ ಚೇಂಜ್ ಅಕೌಂಟ್ ಟೈಪ್‌ನಲ್ಲಿ ಅಡ್ಮಿನಿಸ್ಟ್ರೇಟರ್ ಮಾಡಿ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡಬೇಡಿ. ಗ್ಯಾಸ್ ಬುಕ್ಕು, ರೇಷನ್ ಕಾರ್ಡು ಇರುವ ಬೀರುವಿನಲ್ಲಿಡಿ, ಬಿಟ್‌ಲಾಕರ್ ಕೀ ಪ್ರಿಂಟಿನ ಜೊತೆ.