ಸ್ಲೈಡ್ ಮುಚ್ಚಿ ಬಾಯಿ ಬಿಡಿಸಿದ್ದು

ನಾನು ಪುನರ್ವಸತಿ ಕೇಂದ್ರವೊಂದರಲ್ಲಿ ಫಿಸಿಯೋಥೆರಪಿಸ್ಟ್. ಬೆನ್ನುಹುರಿಗೆ ಪೆಟ್ಟಾದವರು, ಸ್ಟ್ರೋಕ್ ಆದವರು ಬರುತ್ತಾರೆ. ಮಲ, ಮೂತ್ರ ಎಲ್ಲದರ ಬಗ್ಗೆಯೂ ನಾವು ಆರಾಮಾಗಿ ಮಾತಾಡುತ್ತೇವೆ. ಲೈಂಗಿಕತೆಯ ಮಾತು ಬಂದರೆ ಮಾತ್ರ ಎಲ್ಲರ ಕಣ್ಣೂ ಫೈಲಿಗೆ ಇಳಿಯುತ್ತವೆ.

ಈ ವಿಷಯದಲ್ಲಿ ಸಿಬ್ಬಂದಿಗೆ ತರಬೇತಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಸುಮ್ನೆ ಪಾಠ ಮಾಡಿದೆ. ಯಾವ ನರಕ್ಕೆ ಪೆಟ್ಟಾದರೆ ಏನಾಗುತ್ತದೆ ಅಂತ ನಲವತ್ತು ಸ್ಲೈಡ್. ಎಲ್ಲರೂ ಬರೆದುಕೊಂಡರು. ತಿಂಗಳಾದ ಮೇಲೆ ಕೇಸ್ ಶೀಟ್ ತೆಗೆದರೆ ಲೈಂಗಿಕತೆಯ ಕಾಲಂ ಖಾಲಿ. ಒಬ್ಬರು ಮಾತ್ರ ‘ಅನ್ವಯಿಸುವುದಿಲ್ಲ’ ಅಂತ ಬರೆದಿದ್ದರು. ಯಾಕೆ? ಆ ರೋಗಿಗೆ ಮದುವೆ ಆಗಿಲ್ಲವಂತೆ!

“ಅವರೇ ಏನೂ ಕೇಳಲಿಲ್ಲ ಮೇಡಂ” ಅಂದರು ಉಳಿದವರು. ರೋಗಿಗಳನ್ನು ವಿಚಾರಿಸಿದರೆ, “ನೀವ್ಯಾರೂ ಎತ್ತಲಿಲ್ಲ, ಕೇಳಬಾರದೇನೋ ಅಂದ್ಕೊಂಡೆ.”

ಮನಶ್ಶಾಸ್ತ್ರಜ್ಞ ಜ್ಯಾಕ್ ಆ್ಯನನ್ 1976ರಲ್ಲಿ ಪ್ರಕಟಿಸಿದ ‘ಪ್ಲಿಸಿಟ್’ ಅನ್ನೋ ಮಾದರಿ ಇದೆ. ನಾಲ್ಕು ಮೆಟ್ಟಿಲು. ಮೊದಲನೆಯದು, ಇಲ್ಲಿ ಇದನ್ನು ಮಾತಾಡಬಹುದು ಅಂತ ರೋಗಿಗೆ ಅನ್ನಿಸುವ ಹಾಗೆ ಮಾಡೋದು. ಆಮೇಲೆ ಒಂದಿಷ್ಟು ಮಾಹಿತಿ, ಅವರವರಿಗೆ ತಕ್ಕ ಸಲಹೆ, ಕೊನೆಗೆ ತಜ್ಞರ ಚಿಕಿತ್ಸೆ. ಮೊದಲ ಮೆಟ್ಟಿಲೇ ಹತ್ತದವರಿಗೆ ನಾನು ಮಹಡಿ ತೋರಿಸುತ್ತಿದ್ದೆ.

ಎರಡನೇ ಸಲ ಸ್ಲೈಡ್ ಇಲ್ಲ. ಇಬ್ಬಿಬ್ಬರು ಎದುರುಬದುರು ಕೂತು ಇಷ್ಟೇ ಹೇಳಬೇಕು: “ಹೀಗಾದ ಮೇಲೆ ತುಂಬಾ ಜನಕ್ಕೆ ಲೈಂಗಿಕ ಜೀವನದ ಬಗ್ಗೆ ಪ್ರಶ್ನೆ ಇರುತ್ತೆ. ನಿಮಗೂ ಇದ್ದರೆ ಈಗಲೋ ಇನ್ಯಾವಾಗಲೋ ಕೇಳಿ.” ಹಿರಿಯ ಸಿಸ್ಟರ್ ಒಬ್ಬರು ‘ಲೈಂಗಿಕ’ ಅನ್ನೋ ಪದ ಬಂದಾಗೆಲ್ಲ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ದನಿಯೂ ಇಳಿಯುತ್ತಿತ್ತು. ಐದನೇ ಸಲಕ್ಕೆ ಪೆನ್ನು ಮೇಜಿನ ಮೇಲೆ ಬಂತು.

ಆಮೇಲೆ ನೋಡಿ, ಅವರದೇ ಪ್ರಶ್ನೆಗಳು ಶುರುವಾದವು. “ಕ್ಯಾತಿಟರ್ ಇದ್ದರೆ ಆಗಲ್ಲ ಅಲ್ವಾ?” ಆಗುತ್ತೆ. ಗಂಡಸರು ಮೂತ್ರ ಹೋಗಲು ಹಾಕಿದ ಆ ಟ್ಯೂಬನ್ನು ಹಿಂದಕ್ಕೆ ಮಡಚಿ ಮೇಲೆ ಕಾಂಡೋಮ್ ಹಾಕಬಹುದು, ಹೆಂಗಸರು ಅದನ್ನು ಹೊಟ್ಟೆಗೆ ಟೇಪ್ ಮಾಡಿಕೊಳ್ಳಬಹುದು. ಟಿ6, ಅಂದರೆ ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟ, ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಒಂದು ಎಚ್ಚರಿಕೆ ಬೇಕು. ಇದ್ದಕ್ಕಿದ್ದಂತೆ ತಲೆ ಸಿಡಿದು ಬೆವರಿದರೆ ಬಿಪಿ ಏರಿದೆ ಅಂತ ಅರ್ಥ, ತಕ್ಷಣ ನಿಲ್ಲಿಸಿ ಎದ್ದು ಕೂರಬೇಕು. ಅದು ಇಳಿಯದಿದ್ದರೆ ತುರ್ತು ಚಿಕಿತ್ಸೆ ಬೇಕು. ಇನ್ನು, ಬೆನ್ನುಹುರಿಗೆ ಪೆಟ್ಟಾದ ಹೆಂಗಸರಿಗೆ ಕೆಲವು ತಿಂಗಳು ಮುಟ್ಟು ನಿಲ್ಲಬಹುದು, ಸಾಮಾನ್ಯವಾಗಿ ಮತ್ತೆ ಶುರುವಾಗುತ್ತೆ. ಅವರು ಗರ್ಭಿಣಿಯೂ ಆಗಬಹುದು. ಗಂಡಸರಿಗೆ ಮಕ್ಕಳಾಗುವ ಬಗ್ಗೆ ಅಷ್ಟಿಷ್ಟಾದರೂ ಹೇಳುತ್ತಿದ್ದ ನಾವು ಇವರಿಗೆ ಇದನ್ನು ಹೇಳಿಯೇ ಇರಲಿಲ್ಲ. ನನಗೆ ನಾಚಿಕೆಯಾಗಿದ್ದು ಅಲ್ಲಿ.

ಮೂರು ವಾರದ ನಂತರ ಅದೇ ಸಿಸ್ಟರ್ ಬಂದರು. ಥೆರಪಿಗೆ ಬರುವ ಸ್ಟ್ರೋಕ್ ರೋಗಿಗೆ ಆ ಮಾತು ಹೇಳಿದ್ದರಂತೆ. ಅವರು ತಲೆಯಾಡಿಸಿ ಸುಮ್ಮನಾದರಂತೆ. ಮುಂದಿನ ಸಲ ಬಂದಾಗ ಅವರ ಹೆಂಡತಿ ಬಾಗಿಲ ಹತ್ತಿರ ಕಾದಿದ್ದರು. “ಮತ್ತೆ ಸ್ಟ್ರೋಕ್ ಆದೀತು ಅಂತ ಹೆದರಿ ನಾನು ಬೇರೆ ಕೋಣೇಲಿ ಮಲಗ್ತಿದೀನಿ ಸಿಸ್ಟರ್.”

“ನೀವೇನಂದ್ರಿ?”

“ಡಾಕ್ಟರ್ ಹತ್ತಿರ ಅವರ ಬಿಪಿ, ಮಾತ್ರೆ ವಿಚಾರಿಸಿ ಹೇಳ್ತೀನಿ, ಕೇಳಿದ್ದು ಒಳ್ಳೇದಾಯ್ತು ಅಂದೆ ಮೇಡಂ.”

ಕೇಸ್ ಶೀಟಿನ ಆ ಕಾಲಂನಲ್ಲಿ ಎರಡು ಸಾಲು ಬರೆದೂ ಇದ್ದರು.