ಸೌದೆಗೆ ಎಷ್ಟು ದೂರ ಹೋಗ್ತೀರಮ್ಮ?

ಈ ವಾರ ದೊಡ್ಡಮ್ಮನ ಹಳೇ ಅಡುಗೆಮನೆ ಒಡೆದರು. ಕುಣಿಗಲ್ ತಾಲ್ಲೂಕಿನ ಆ ಮನೆಯಲ್ಲೇ ನಮ್ಮ ಬೇಸಿಗೆ ರಜೆಗಳೆಲ್ಲ ಕಳೆದದ್ದು. ಈಗ ಅಣ್ಣ ಹೊಸದಾಗಿ ಕಟ್ಟಿಸುತ್ತಿದ್ದಾನೆ. ಒಳ್ಳೆಯವನು, ತಾಯಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾನೆ. ಆದರೆ ಯಾವುದಕ್ಕೂ ಎರಡು ನಿಮಿಷ ನಿಲ್ಲುವ ತಾಳ್ಮೆ ಇಲ್ಲ. ಬೆಳಗ್ಗೆಯಿಂದ ಗಾರೆಯವರ ಹಿಂದೆ ಬಿದ್ದಿದ್ದ.

ಮೂಲೆಯಲ್ಲಿ ಅಸ್ತ್ರ ಒಲೆ ಇತ್ತು, ಕಡಿಮೆ ಸೌದೆಯಲ್ಲಿ ಅಡುಗೆ ಆಗಲಿ ಅಂತ ಮಾಡಿದ್ದು. ಗ್ಯಾಸ್ ಬಂದ ಮೇಲೂ ದೊಡ್ಡಮ್ಮ ಸ್ನಾನದ ನೀರಿಗೆ, ಹಬ್ಬದ ಅಡುಗೆಗೆ ಅದನ್ನೇ ಹಚ್ಚುತ್ತಿದ್ದರು. ಇಟ್ಟಿಗೆ, ಮಣ್ಣು ಸೇರಿಸಿ ಕಟ್ಟಿದ ಒಲೆ. ಮೂರು ಪಾತ್ರೆ ಕೂರುವಂತೆ ಮೂರು ಗುಂಡನೆಯ ಕುಳಿ. ಸೌದೆ ಉರಿಯುವ ಕಡೆ ಕೆಳಗೊಂದು ಕಬ್ಬಿಣದ ಜಾಲರಿ. ಹಿಂದೆ ಸೂರು ದಾಟಿ ಹೋಗುವ ಹೊಗೆಕೊಳವೆ. ಹಾರೆ ಬಿದ್ದಾಗ ಒಲೆಯ ಒಳಗಿನ ದಾರಿ ಕಾಣಿಸಿತು. ಬಿಸಿಗಾಳಿ ಮೊದಲ ಪಾತ್ರೆಯ ತಳ ಸವರಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹಾಯಲಿ ಅಂತ ಬಿಟ್ಟ ಸಂದು. ಅದರ ತುಂಬ ಕರ್ರಗೆ ಮಸಿ. ಸುಮ್ನೆ ಹೊರಗೆ ಹೋಗಿಬಿಡುವ ಶಾಖವನ್ನು ತಡೆದು, ಇನ್ನೆರಡು ಪಾತ್ರೆಗೆ ಕೊಟ್ಟು, ಆಮೇಲೆ ಹೊಗೆಯನ್ನು ಮಾಡಿನಾಚೆ ಕಳಿಸುವ ಲೆಕ್ಕ ಅದು.

"ಬೇಜಾರಾಯ್ತಾ ದೊಡ್ಡಮ್ಮ?" ಅಂದೆ.

"ಒಲೆ ಹೋದ್ರೆ ಹೋಗ್ಲಿ ಕಣೆ ಮಗ. ಇದನ್ನ ಮಾಡಿದ್ ಜನ ಇದ್ರಲ್ಲ, ಅದಕ್ಕೂ ಮುಂಚೆ ಒಂದ್ಸಲ ಬಂದಿದ್ರು. ಸೌದೆಗೆ ಎಷ್ಟು ದೂರ ಹೋಗ್ತೀರಮ್ಮ ಅಂದ್ರು. ಅಲ್ಲೀಗಂಟ ನನ್ನ ಯಾರೂ ಕೇಳಿರ್ಲಿಲ್ಲ."

ದೊಡ್ಡಮ್ಮ ಆಗ ಮದುವೆಯಾಗಿ ಬಂದ ಹೊಸತು. ಪ್ರಶ್ನೆಗೆ ಉತ್ತರ ಕೊಟ್ಟದ್ದು ದೊಡ್ಡಪ್ಪನಂತೆ. "ಇಲ್ಲೇ ಪಕ್ಕದಲ್ಲೇ ಸಿಗ್ತದೆ ಬುಡಿ" ಅಂದರಂತೆ. ಬಂದವರು ಅದನ್ನು ಬರೆದುಕೊಂಡು ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಬಾಗಿಲ ಹಿಂದೆ ನಿಂತಿದ್ದವಳ ಕಡೆ ತಿರುಗಿ, "ನೀವು ಹೇಳಿ" ಅಂದರಂತೆ. ಆಮೇಲೆ ಹೊರೆಯನ್ನು ತೂಕ ಹಾಕಿದರಂತೆ. ದೊಡ್ಡಪ್ಪನ ಮೇಲೆ ನನಗೆ ಪ್ರೀತಿ ಇದೆ, ಈಗ ಅವರಿಲ್ಲ. ಆದರೆ ಸೌದೆ ತರುವವಳು ಪಕ್ಕದಲ್ಲೇ ಇರುವಾಗ ತರದವನು ದೂರ ಹೇಳುವುದು ನಮ್ಮ ಮನೆಗಳಲ್ಲಿ ಇವತ್ತಿಗೂ ನಿಂತಿಲ್ಲ, ಅಲ್ವಾ?

ಆ ಮಾತು ಈ ವಾರವೆಲ್ಲ ನನ್ನ ತಲೆಯಿಂದ ಹೋಗಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಎಂಜಿನಿಯರಿಂಗ್ ಮಕ್ಕಳಿಗೆ ತಂತ್ರಜ್ಞಾನ ಮತ್ತು ಸಮಾಜ ಅನ್ನುವ ಪೇಪರ್ ಪಾಠ ಮಾಡುತ್ತೇನೆ. ಯಂತ್ರ ತಾನಾಗಿ ಹುಟ್ಟುವುದಿಲ್ಲ, ಅದನ್ನು ಯಾರು ಕೇಳಿದರು, ಯಾರಿಗೆ ಲಾಭ, ಯಾರಿಗೆ ಹೊರೆ ಅಂತ ನೋಡುವ ವಿದ್ಯೆ. ಇದರ ಚರಿತ್ರೆ ನಮ್ಮ ಪಠ್ಯದಲ್ಲಿ ಶುರುವಾಗುವುದು 1975ಕ್ಕೆ, ಅಮೆರಿಕದಲ್ಲಿ. ವಿಜ್ಞಾನವನ್ನು ಸಮಾಜದ ಕಣ್ಣಿಂದ ನೋಡುವ ವಿದ್ವಾಂಸರು ಆ ವರ್ಷ ಒಂದು ಸಂಘ ಕಟ್ಟಿಕೊಂಡರು. ಮೊದಲ ಅಧ್ಯಕ್ಷರು ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್. ಮರುವರ್ಷ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಮೊದಲ ಸಭೆ. 1981ರಲ್ಲಿ ಯುರೋಪಿನವರದ್ದೂ ಒಂದು ಸಂಘವಾಯಿತು.

ಈ ಸಂಘಗಳ ಮೇಲೆ ನನಗೆ ಗೌರವ ಇದೆ. ಬೇರೆ ಬೇರೆ ಊರಲ್ಲಿ ಒಬ್ಬೊಬ್ಬರೇ ಯೋಚನೆ ಮಾಡುತ್ತಿದ್ದವರನ್ನು ಅವು ಒಂದು ಕಡೆ ಕೂರಿಸಿದವು. ಯುರೋಪಿನ ಸಂಘದ 1982ರ ಸಭೆ ಆಸ್ಟ್ರಿಯಾದಲ್ಲಿ ನಡೆಯಿತು. ಅಲ್ಲಿ ಬ್ರಿಟನ್ನಿನ ಟ್ರೆವರ್ ಪಿಂಚ್ ಮತ್ತು ನೆದರ್ಲೆಂಡ್ಸಿನ ವೀಬ ಬೈಕರ್ ಭೇಟಿಯಾದರು. ಎರಡು ವರ್ಷಕ್ಕೆ ಇಬ್ಬರೂ ಸೇರಿ ಸೈಕಲ್ಲಿನ ಕಥೆ ಬರೆದರು. ಮುಂದಿನ ಗಾಲಿ ಆಳೆತ್ತರ ಇದ್ದ ಹಳೇ ಸೈಕಲ್ ಗಂಡು ಹುಡುಗರಿಗೆ ಶೂರತನ ತೋರಿಸುವ ವಸ್ತು. ಅದೇ ಸೈಕಲ್ ಉದ್ದ ಲಂಗದ ಹೆಂಗಸರಿಗೆ, ವಯಸ್ಸಾದವರಿಗೆ ಹತ್ತಲಿಕ್ಕೇ ಆಗದ ಅಪಾಯ. ಯಾರ ಮಾತು ಗೆಲ್ಲುತ್ತದೋ ಯಂತ್ರ ಆ ಕಡೆ ವಾಲುತ್ತದೆ ಅಂತ ಅವರು ತೋರಿಸಿಕೊಟ್ಟರು. ಮಕ್ಕಳಿಗೆ ಈ ಪಾಠ ತುಂಬಾ ಇಷ್ಟ. ನನಗೂ ಇಷ್ಟ.

ಆದರೆ ದೊಡ್ಡಮ್ಮನ ಮನೆ ಬಾಗಿಲಿಗೆ ಬಂದವರು? ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯವರು. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗಳಿಗೆ ಬಳಸಲಿಕ್ಕೆ ಅಂತ ಅಮೂಲ್ಯ ಕೆ.ಎನ್. ರೆಡ್ಡಿ ಅಲ್ಲಿ 'ಅಸ್ತ್ರ' ಅನ್ನುವ ಗುಂಪು ಕಟ್ಟಿದ್ದು 1974ರಲ್ಲಿ. ಅಮೆರಿಕದ ಸಂಘಕ್ಕಿಂತ ಒಂದು ವರ್ಷ ಮೊದಲು. ವಿದ್ಯುತ್ ರಸಾಯನದಲ್ಲಿ ಹೊರದೇಶಗಳಲ್ಲೂ ಹೆಸರು ಮಾಡಿದ್ದ ಮನುಷ್ಯ. ಆ ದಾರಿಯಲ್ಲೇ ಹೋಗಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅದನ್ನು ಬಿಟ್ಟು ಹಳ್ಳಿಯ ಒಲೆ, ಗೋಡೆ, ಸಗಣಿ ಅಂತ ಹೊರಟರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ಮಾಡಿದರು. ಏನನ್ನಾದರೂ ಕಟ್ಟುವ ಮೊದಲು ಅಕ್ಕಪಕ್ಕದ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಊರು ನಡೆಯಲು ಬೇಕಾದ ಶಕ್ತಿ ಎಲ್ಲಿಂದ ಬರುತ್ತದೆ ಅಂತ ಅಳೆದರು.

ಅವುಗಳಲ್ಲಿ ಪುರ ಅನ್ನುವ ಹಳ್ಳಿಯ ಲೆಕ್ಕವನ್ನು ಈ ವಾರ ಮತ್ತೆ ತೆಗೆದು ಓದಿದೆ. 1977ರಲ್ಲಿ ಅಲ್ಲಿ 56 ಮನೆ, 357 ಜನ. ಊರಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 89 ಪಾಲು ಬರೀ ಸೌದೆ. ಕರೆಂಟು 1 ಪಾಲು. ಎತ್ತುಗಳದ್ದೂ 1 ಪಾಲು. ಮನುಷ್ಯರ ದುಡಿಮೆ 7 ಪಾಲು. ಆ ದುಡಿಮೆಯನ್ನು ಮತ್ತೆ ಬಿಡಿಸಿದ್ದಾರೆ: ಗಂಡಸರದ್ದು ನೂರಕ್ಕೆ 31, ಹೆಂಗಸರದ್ದು 53, ಮಕ್ಕಳದ್ದು 16.

ಐವತ್ಮೂರು. ದೊಡ್ಡಮ್ಮನ ಮಾತು ನೆನಪಾದದ್ದು ಇಲ್ಲೇ. ಸೌದೆ ದುಡ್ಡು ಕೊಟ್ಟು ತರುವುದಲ್ಲ, ಆದ್ದರಿಂದ ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಹೊತ್ತು ತರುವ ಹೊತ್ತಿಗೂ ಕೂಲಿ ಇಲ್ಲ, ಹಾಗಾಗಿ ಅದೂ ಇರಲಿಲ್ಲ. ದೇಶದ ಇಂಧನ ಅಂದರೆ ಕಲ್ಲಿದ್ದಲು, ಡೀಸೆಲ್, ಅಣೆಕಟ್ಟು ಅಂತ ಮಾತಾಡುತ್ತಿದ್ದ ಕಾಲದಲ್ಲಿ ಇವರು ಹೆಂಗಸಿನ ತಲೆಯ ಮೇಲಿನ ಹೊರೆ ತೂಗಿ ಪಟ್ಟಿಗೆ ಸೇರಿಸಿದರು. ಒಲೆ ಬಂದದ್ದು ಆಮೇಲೆ, 1980ರ ದಶಕದಲ್ಲಿ. ಒಲೆಗಿಂತ ದೊಡ್ಡ ಕೆಲಸ ಆ ಕೇಳಿದ್ದು ಅಂತಲೇ ನನಗೆ ಈಗ ಅನಿಸುತ್ತಿದೆ.

ಕೇಳಿದವರೆಲ್ಲ ಗೆದ್ದರು ಅಂತಲ್ಲ. ಪುರದಲ್ಲೇ ಊರಿಗೆಲ್ಲ ಸೇರಿ ಗೋಬರ್ ಗ್ಯಾಸ್ ಸ್ಥಾವರ ಮಾಡಿದಾಗ ಮೊದಲ ಗುರಿ ಅಡುಗೆ. ಅಷ್ಟು ಅನಿಲಕ್ಕೆ ಬೇಕಾದ ಸಗಣಿ ಊರಲ್ಲಿ ಸಿಗಲಿಲ್ಲ. ಅಲ್ಲಿಗೆ ಕೈಬಿಡಲಿಲ್ಲ ಅನ್ನುವುದು ಮುಖ್ಯ. ಮತ್ತೆ ಊರಿನವರ ಜೊತೆ ಕೂತರು. 1987ರಿಂದ ಅದೇ ಅನಿಲದಲ್ಲಿ ಎಂಜಿನ್ ಓಡಿಸಿ ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಕಿಲೋಗೆ 2 ಪೈಸೆ, ಗೊಬ್ಬರ ವಾಪಸ್. ಒಬ್ಬರು ಸಗಣಿ ತರುವುದು ಬಿಟ್ಟರೆ ಇಡೀ ಊರಿನ ನೀರು, ಬೆಳಕಿಗೆ ಪೆಟ್ಟು, ಅವರ ಮನೆಯದ್ದಕ್ಕೂ. ಹಾಗಾಗಿ ಊರಿನ ಹಿತವೂ ಮನೆಯ ಹಿತವೂ ಒಂದೇ ಆಯಿತು ಅಂತ ರೆಡ್ಡಿಯವರು ಬರೆದರು. ಕೆಲವು ವರ್ಷ ನಡೆದು ಅದೂ ನಿಂತಿತು. ನಿಂತದ್ದನ್ನೂ ಮುಚ್ಚಿಡದೆ, ಅದರಿಂದ ಕಲಿತ ಪಾಠಗಳನ್ನು ಬರೆದಿಟ್ಟರು. ರೆಡ್ಡಿಯವರು 2006ರಲ್ಲಿ ತೀರಿಕೊಂಡರು. ಗುಂಪು ಈಗ ಬೇರೆ ಹೆಸರಿನಲ್ಲಿ ಅದೇ ಸಂಸ್ಥೆಯಲ್ಲಿದೆ.

ಎರಡೂ ಒಂದೇ ಕೆಲಸ ಅಂತ ನಾನು ಹೇಳುತ್ತಿಲ್ಲ. ಅಮೆರಿಕ, ಯುರೋಪಿನವರು ತಂತ್ರಜ್ಞಾನವನ್ನು ಓದಿ ಅರ್ಥ ಮಾಡಿಕೊಳ್ಳಲು ಹೊರಟರು. ಇವರು ಕಟ್ಟಲು ಹೊರಟು, ಕಟ್ಟುವ ದಾರಿಯಲ್ಲಿ ಸಮಾಜವನ್ನು ಓದಬೇಕಾಯಿತು. ಆದರೆ ಸೈಕಲ್ ಹತ್ತಲಾಗದ ಲಂಗದ ಹೆಂಗಸು ಪಾಠದಲ್ಲಿ ಇರಬಹುದಾದರೆ, ಸೌದೆ ಹೊತ್ತ ಕುಣಿಗಲ್ಲಿನ ಹೆಂಗಸು ಯಾಕಿಲ್ಲ? ಮೊದಲನೆಯವಳ ಹಿಂದೆ ಸಂಘ ಇದೆ, ವಾರ್ಷಿಕ ಸಭೆ ಇದೆ, ಪ್ರಶಸ್ತಿ ಇದೆ. ಚರಿತ್ರೆ ಬರೆಯುವಾಗ ಇವು ಕೈಗೆ ಸುಲಭವಾಗಿ ಸಿಗುತ್ತವೆ. ಪಠ್ಯ ಮಾಡಿದವರು ಸೋಮಾರಿಗಳಲ್ಲ, ನನಗೆ ಗೊತ್ತಿರುವವರೇ, ಓದಿಕೊಂಡವರು. ಹತ್ತಿರದ್ದು ಚರಿತ್ರೆ ಆಗಬಹುದು ಅಂತ ಅವರಿಗೆ ಅನಿಸಿಲ್ಲ, ಅಷ್ಟೇ. ಅದೇ ನನಗೆ ಜಾಸ್ತಿ ನೋವು ಕೊಡುವುದು.

ಬುಧವಾರ ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ, ಮುಂದಿನ ಸೆಮಿಸ್ಟರಿನ ಮೊದಲ ಪಾಠ ಪುರದ ಪಟ್ಟಿಯಿಂದ ಶುರು ಮಾಡುತ್ತೇನೆ, ಕಾರ್ನೆಲ್ ಎರಡನೆಯ ಪಾಠಕ್ಕೆ ಇರಲಿ ಅಂದೆ. "ಪರೀಕ್ಷೆಗೆ ಬರಲ್ವಲ್ಲಾ ಮೇಡಂ" ಅಂದರು. ಬರುವ ಹಾಗೆ ಪ್ರಶ್ನೆ ನಾನೇ ಬರೆದುಕೊಡುತ್ತೇನೆ ಅಂದೆ. ಒಪ್ಪಿದರು. ಮಕ್ಕಳಿಗೆ ಮನೆಗೆಲಸವನ್ನೂ ಯೋಚಿಸಿಟ್ಟಿದ್ದೇನೆ. ತಮ್ಮ ಮನೆಯಲ್ಲಿ ನೀರು, ಗ್ಯಾಸು, ರೇಷನ್ನು, ಕಸ ಯಾರು ಹೊರುತ್ತಾರೆ, ಎಷ್ಟು ಹೊತ್ತು, ಎಷ್ಟು ತೂಕ ಅಂತ ಒಂದು ವಾರ ಬರೆದು ತರಬೇಕು. ಹೊರುವವರನ್ನೇ ಕೇಳಿ ಬರೆಯಬೇಕು. ಪಕ್ಕದಲ್ಲಿ ಕೂತವರು ಹೇಳಿದ್ದಕ್ಕೆ ಮಾರ್ಕ್ಸ್ ಇಲ್ಲ.