ಯಾವ ಸಾಲಿನಲ್ಲಿದೆ ಅದು?

ಠರಾವು ಮೊದಲೇ ಬರೆದಿಟ್ಟಾಗಿತ್ತು. 'ಕಸ್ತೂರಿರಂಗನ್ ವರದಿಯನ್ನು ಈ ಸಭೆಯು ಸರ್ವಾನುಮತದಿಂದ ತಿರಸ್ಕರಿಸುತ್ತದೆ' ಎಂಬ ಒಂದೇ ವಾಕ್ಯ, ಕೆಳಗೆ ಸಹಿಗಳಿಗೆ ಉದ್ದಕ್ಕೂ ಗೆರೆ. ಪಂಚಾಯಿತಿ ಸಭಾಭವನದ ಬಾಗಿಲಲ್ಲೇ ಮೇಜು ಹಾಕಿ ಒಳಗೆ ಹೋಗುವವರ ಕೈಗೆ ಪೆನ್ನು ಕೊಡುತ್ತಿದ್ದರು. ಸಹಿ ಹಾಕಿ ಮುಂದೆ ಹೋದರೆ ಚಹಾ, ಅವಲಕ್ಕಿ. 2024ರ ಆಗಸ್ಟ್ ಕೊನೆ. ಮಳೆ ಬಿಟ್ಟು ಒಂದು ಹೊತ್ತು ಹೊಳವಾದರೆ ಸಾಕು, ಅಡಿಕೆಯ ಕೊಳೆರೋಗಕ್ಕೆ ಇನ್ನೊಮ್ಮೆ ಮದ್ದು ಹೊಡೆಸಿಬಿಡೋಣ ಎಂದು ಶಿರಸಿ ಸೀಮೆಯ ಎಲ್ಲರೂ ಮರ ಹತ್ತುವ ಕೊನೆಗೌಡರ ದಾರಿ ಕಾಯುವ ದಿನಗಳು. ವಿಶೇಷ ಗ್ರಾಮಸಭೆಗೆ ಅಷ್ಟು ಜನ ಬಂದದ್ದೇ ದೊಡ್ಡದು.

ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದಿತ್ತು. 30ರ ನಸುಕಿನಲ್ಲಿ ವಯನಾಡು. ಮರುದಿನ, 31ರ ತಾರೀಖಿನಲ್ಲಿ, ಕಸ್ತೂರಿರಂಗನ್ ವರದಿಯನ್ನು ಆಧರಿಸಿ ಕೇಂದ್ರ ಪರಿಸರ ಸಚಿವಾಲಯದ ಕರಡು ಅಧಿಸೂಚನೆ. ಆರು ರಾಜ್ಯಗಳಲ್ಲಿ ಹರಡಿದ ಪಶ್ಚಿಮ ಘಟ್ಟದ ಸುಮಾರು 56,825 ಚದರ ಕಿಲೋಮೀಟರ್‌ಗಳನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸುವ ಪ್ರಸ್ತಾವ ಅದು. ಕರ್ನಾಟಕದ ಪಾಲು 20,668. ಆಕ್ಷೇಪಣೆಗೆ 60 ದಿನ. 2014ರಿಂದ ಈ ಕರಡು ಅವಧಿ ಮುಗಿದು ಸತ್ತು, ಮತ್ತೆ ಹುಟ್ಟಿ, ಮತ್ತೆ ಸಾಯುತ್ತ ಬಂದಿದೆ. ಪ್ರತಿ ಸಲವೂ ನಮ್ಮಲ್ಲಿ ಒಂದು ಠರಾವು ಆಗುತ್ತದೆ. ಕರಡನ್ನು ಓದಿದವರು ಮಾತ್ರ ಯಾವ ಸಲವೂ ಇರಲಿಲ್ಲ.

ನಾನು ಊರಿನ ಸೇವಾ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಸುತ್ತೋಲೆ, ನಿಯಮ, ಉಪವಿಧಿ ಎಂದು ದಿನವೂ ಕಾಗದದೊಡನೆಯೇ ಒದ್ದಾಡುವುದರಿಂದ ರಾಜಪತ್ರದ ಭಾಷೆ ನನಗೆ ಹೆದರಿಕೆ ಹುಟ್ಟಿಸುವುದಿಲ್ಲ. ಕುತೂಹಲಕ್ಕೆಂದು ಕರಡನ್ನು ಮುದ್ರಿಸಿಕೊಂಡು, ಇಂಗ್ಲಿಷಿನಲ್ಲಿದ್ದುದನ್ನು ಅಂಚಿನಲ್ಲಿ ಕನ್ನಡದಲ್ಲಿ ಗುರುತು ಹಾಕಿಕೊಂಡಿದ್ದೆ. ಸಭೆಗೆ ನೇಮಕವಾದ ನೋಡಲ್ ಅಧಿಕಾರಿ ಬರುವುದು ತಡವಾಯಿತು. ಅಲ್ಲಿಯವರೆಗೆ ಸಭೆ ಸುಮ್ಮನೆ ಕೂರಬಾರದೆಂದು ಅಧ್ಯಕ್ಷೆ, "ನಿನ್ನ ಹತ್ತಿರ ಇದೆಯಂತಲ್ಲ, ಸ್ವಲ್ಪ ಓದು ತಂಗಿ" ಎಂದರು. ಹೊತ್ತು ಕಳೆಯಲು ಕೊಟ್ಟ ಕೆಲಸ ಅದು.

ಓದು ನಾಲ್ಕು ಸಾಲು ದಾಟುವುದರೊಳಗೆ ಗದ್ದಲ. ಮನೆಗೆ ಹೆಂಚು ಬದಲಿಸುವಂತಿಲ್ಲವಂತೆ. ಗೋಡೆಗೆ ಹಸಿರು ಬಣ್ಣವನ್ನೇ ಬಳಿಯಬೇಕಂತೆ. ತೋಟಕ್ಕೆ ಮದ್ದು ಹೊಡೆಯುವಂತಿಲ್ಲವಂತೆ. ಎಲ್ಲವೂ 'ಅಂತೆ', ಎಲ್ಲವೂ ಮೊಬೈಲ್‌ನಲ್ಲಿ ಬಂದದ್ದು. ಆಗ ಮುಂದಿನ ಬೆಂಚಿನಲ್ಲಿದ್ದ ನಿವೃತ್ತ ಮಾಸ್ತರರು ಎದ್ದು, ತರಗತಿಯಲ್ಲಿ ನಿಂತವರ ಹಾಗೆ, "ಒಂದು ಕೆಲಸ ಮಾಡೋಣ. ಯಾರು ಏನನ್ನೇ ಹೇಳಲಿ, ಅದು ಯಾವ ಸಾಲಿನಲ್ಲಿದೆ ಎಂದು ಇವಳು ಹುಡುಕಿ ಓದಲಿ. ಇಲ್ಲದಿದ್ದರೆ ಇಲ್ಲ ಎನ್ನಲಿ. ಮುಂದಿನದಕ್ಕೆ ಹೋಗೋಣ" ಎಂದರು. ಅವರ ಕೈಯಲ್ಲಿ ಕಲಿತವರೇ ಅರ್ಧ ಸಭೆ, ಒಪ್ಪದೆ ಗತಿಯಿರಲಿಲ್ಲ.

ಹೆಂಚಿನ ಮಾತು ಬೇಗ ಮುಗಿಯಿತು. ಇರುವ ಮನೆಗಳ ದುರಸ್ತಿ, ವಿಸ್ತರಣೆಗೆ ತಡೆಯಿಲ್ಲ ಎಂದು ಕರಡೇ ಹೇಳುತ್ತದೆ. ನಿಷೇಧವಿರುವುದು 20,000 ಚದರ ಮೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಕಟ್ಟಡಕ್ಕೆ. ಅಷ್ಟು ದೊಡ್ಡ ಮನೆ ಕಟ್ಟುವ ಆಲೋಚನೆ ಯಾರಿಗಾದರೂ ಇದೆಯೇ ಎಂದು ಹಿಂದಿನಿಂದ ಒಬ್ಬರು ಕೇಳಿ ಎಲ್ಲರೂ ನಕ್ಕರು. ಬಣ್ಣದ ಸಾಲು ಎಲ್ಲೂ ಇರಲಿಲ್ಲ. ಮದ್ದಿನ ಸಂಗತಿ ಸ್ವಲ್ಪ ಬೇರೆ. ಅದು ಈ ಕರಡಿನಲ್ಲಿಲ್ಲ, ಆದರೆ ಪೂರ್ತಿ ಗಾಳಿಮಾತೂ ಅಲ್ಲ. 2011ರ ಮಾಧವ ಗಾಡ್ಗೀಳ್ ಸಮಿತಿಯ ವರದಿ, ರಾಸಾಯನಿಕ ಕೀಟನಾಶಕಗಳನ್ನು ವರ್ಷಗಳ ಮೇಲೆ ಹಂತಹಂತವಾಗಿ ಬಿಡಬೇಕೆಂದು ಸೂಚಿಸಿತ್ತು. ಅದನ್ನು ಮರುಪರಿಶೀಲಿಸಲು ನೇಮಿಸಿದ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಬೇರೆಯದೇ ವರದಿ ಕೊಟ್ಟಿತು. ನಮ್ಮ ಸಿಟ್ಟಿನಲ್ಲಿ ಎರಡೂ ಸೇರಿ ಒಂದೇ ಆಗಿದ್ದವು. ಇನ್ನೂ ವಿಚಿತ್ರವೆಂದರೆ, ಗ್ರಾಮಸಭೆಗಳ ಅಭಿಪ್ರಾಯದಿಂದಲೇ ಗಡಿ ನಿರ್ಧಾರವಾಗಬೇಕು ಎಂದದ್ದು ನಾವು ಹೆಚ್ಚು ಬೈಯುತ್ತಿದ್ದ ಆ ಗಾಡ್ಗೀಳರ ವರದಿ.

ಇಷ್ಟರಲ್ಲಿ ಅಧಿಕಾರಿ ಬಂದು ಕುಳಿತಿದ್ದರು. ಸಭೆ ನಡೆಯುವ ರೀತಿ ಕಂಡು ಏನೂ ಹೇಳದೆ ಅವಲಕ್ಕಿ ತಿಂದರು. ಅವರ ಬಗ್ಗೆ ಎರಡು ಮಾತು ಒಳ್ಳೆಯದನ್ನೇ ಹೇಳಬೇಕು, ಏಕೆಂದರೆ ಮುಂದಿನ ಪ್ರಶ್ನೆಗೆ ಉತ್ತರ ಹೊಂದಿಸಿದವರು ಅವರು. ಹೊಳೆಯಂಚಿನಲ್ಲಿ ಹತ್ತು ಗುಂಟೆ ತೋಟವಿರುವ ಒಬ್ಬರು, "ನನ್ನ ತೋಟ ಆಕಾಶದಿಂದ ನೋಡಿದರೆ ಕಾಡೋ ತೋಟವೋ?" ಎಂದು ಕೇಳಿದ್ದರು. ಕಸ್ತೂರಿರಂಗನ್ ಸಮಿತಿ ಗಡಿ ಗುರುತಿಸಿದ್ದು ಉಪಗ್ರಹ ಚಿತ್ರಗಳಿಂದ. ಆ ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 24 ಮೀಟರ್ ಉದ್ದಗಲ. ಅಧಿಕಾರಿ ಮೊಬೈಲ್ ತೆಗೆದು ಗುಣಿಸಿ, "ಆರು ಗುಂಟೆಗೆ ಸ್ವಲ್ಪ ಕಡಿಮೆ" ಎಂದರು. ಅಂದರೆ ಅವರ ಇಡೀ ತೋಟ ಎರಡು ಚುಕ್ಕೆ. ಅಡಿಕೆಯ ನಡುವೆ ಮಾವು, ಹಲಸು, ಮುರುಗಲು, ಸುತ್ತ ಬೆಟ್ಟ. ಆ ಎರಡು ಚುಕ್ಕೆಗಳು ಯಾವ ಹಸಿರಾಗಿ ಕಂಡಿದ್ದಾವು? ಒಂದು ಗ್ರಾಮದ ನೆಲದಲ್ಲಿ ಪರಿಸರ ಸೂಕ್ಷ್ಮವೆಂದು ಗುರುತಾದ ನೈಸರ್ಗಿಕ ಭೂದೃಶ್ಯ ಶೇ 20ರಷ್ಟಿದ್ದರೆ ಸಾಕು, ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ನಮ್ಮಲ್ಲಿ ಎಕರೆ ತೋಟಕ್ಕೆ 9 ಎಕರೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಬ್ರಿಟಿಷರ ಕಾಲದ ಲೆಕ್ಕ. ನಮ್ಮ ಹಿರಿಯರು ತೋಟಕ್ಕೆ ಸೊಪ್ಪು, ಒಣಗಿದ ದರಕು ತರುತ್ತ ಉಳಿಸಿಕೊಂಡ ಆ ಬೆಟ್ಟವೇ ನಮ್ಮನ್ನು ಪಟ್ಟಿಗೆ ಸೇರಿಸಿತೇ? ಈ ಪ್ರಶ್ನೆಯಲ್ಲಿ ವಿಜ್ಞಾನವಿತ್ತು, ದೂರೂ ಇತ್ತು. ನೆಲದ ಮೇಲೆ ನಡೆದು ನೋಡಿ ಗಡಿ ತಿದ್ದಿ ಎನ್ನುವುದಕ್ಕೂ ವರದಿಯೇ ಬೇಡ ಎನ್ನುವುದಕ್ಕೂ ಇರುವ ಅಂತರ ಸಭೆಗೆ ಕಾಣಿಸಿದ್ದು ಆಗಲೇ ಎಂದು ನನ್ನ ಎಣಿಕೆ.

ಮಾಸ್ತರರ ಕ್ರಮ ಗೆಲ್ಲುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ. ಆಗ ಎದ್ದವರು ಅತಿಕ್ರಮಣ ಜಮೀನಿನಲ್ಲಿ ಮನೆ ಕಟ್ಟಿಕೊಂಡು ಎರಡು ತಲೆಮಾರಾದವರೊಬ್ಬರು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಅವರ ಅರ್ಜಿ ತಿರಸ್ಕೃತವಾಗಿದೆ. ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ತೋರಿಸಬೇಕು. "ಅಕ್ಕಾ, ನೀವು ಓದಿದ್ದರಲ್ಲಿ ನನ್ನ ಮನೆಯ ಸುದ್ದಿ ಎಲ್ಲೂ ಇಲ್ಲ. ಒಪ್ಪಿದೆ. ಆದರೆ ನಮ್ಮ ಕೊಟ್ಟಿಗೆ ಕಿತ್ತುಹಾಕಿದ ದಿನವೂ ಅದು ಯಾವ ಸಾಲಿನಲ್ಲಿದೆ ಎಂದು ಯಾರೂ ಓದಿ ಹೇಳಲಿಲ್ಲ" ಎಂದರು. ಸಿಟ್ಟಿಲ್ಲದೆ ಹೇಳಿದರು. ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಪಟ್ಟಾ ಇರುವವನಿಗೆ ಕಾಗದ ಧೈರ್ಯ ಕೊಡುತ್ತದೆ, ಇಲ್ಲದವನಿಗೆ ಅದೇ ಕಾಗದ ನೋಟಿಸು. ವದಂತಿ ನಂಬುವವರನ್ನು ದಡ್ಡರೆನ್ನುವ ನಮ್ಮ ಓದಿದವರ ಚಟ ನನಗೂ ಇದೆ. ಹೆಂಚಿನ ವದಂತಿಯನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಅವರ ಕೇರಿಯವರೇ ಏಕಾಗಿದ್ದರು ಎಂಬುದು ಆಗ ಅರ್ಥವಾಯಿತು.

ಮಾತು ಅಲ್ಲಿಂದ ಬೇರೆ ದಾರಿ ಹಿಡಿಯಿತು. ಕರಡಿನಲ್ಲಿ ನಿಜಕ್ಕೂ ನಿಷೇಧವಿರುವುದು ಯಾವುದಕ್ಕೆ, ಅದನ್ನು ಓದಿ ಎಂದರು. ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ. ಈಗಿರುವವು ಗುತ್ತಿಗೆ ಮುಗಿದೊಡನೆ ಅಥವಾ ಅಂತಿಮ ಅಧಿಸೂಚನೆಯಾದ ಐದು ವರ್ಷದೊಳಗೆ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ವರ್ಗದ ಕೈಗಾರಿಕೆ, ದೊಡ್ಡ ಟೌನ್‌ಶಿಪ್. ಓದಿ ಮುಗಿಸುವಾಗ ಎಲ್ಲರ ಕಣ್ಣೂ ಮೂರನೆಯ ಸಾಲಿನಲ್ಲಿ ಕುಳಿತಿದ್ದ ಚಿರೆಕಲ್ಲು ಕ್ವಾರಿಯ ಯಜಮಾನರ ಕಡೆಗೆ. ಅವಲಕ್ಕಿ ಯಾರದು ಎಂದು ಯಾರೋ ಮೆಲ್ಲಗೆ ಕೇಳಿದರು. ಉತ್ತರ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಯಜಮಾನರಿಗಿಂತ ಮುಂಚೆ ಮಾತಾಡಿದವಳು ಅಲ್ಲಿ ಕಲ್ಲು ಹೊರುವ ಹೆಂಗಸು. ಕ್ವಾರಿ ನಿಂತರೆ ತಾನು ಮಳೆಗಾಲ ಕಳೆದ ಮೇಲೆ ಎಲ್ಲಿಗೆ ಹೋಗಬೇಕು, ತೋಟದವರು ವರ್ಷವಿಡೀ ಕೆಲಸ ಕೊಡುತ್ತಾರೆಯೇ ಎಂದು ಕೇಳಿದಳು. ಅಧಿಕಾರಿ ನನ್ನತ್ತ ನೋಡಿದರು, ನಾನು ಕರಡಿನತ್ತ ನೋಡಿದೆ.

ಶಿರೂರಿನ ಮಾತು ಎತ್ತಿದ್ದು ಐಟಿಐ ಓದುವ ಹುಡುಗ. ಅಲ್ಲಿ ಗುಡ್ಡ ಕತ್ತರಿಸಿದ್ದು ಚತುಷ್ಪಥ ಹೆದ್ದಾರಿಗೆ, ಹಾಗಾದರೆ ಹೆದ್ದಾರಿ ಯಾವ ಸಾಲಿನಲ್ಲಿದೆ ಎಂದು ಕೇಳಿದ. ನಿಷೇಧದ ಪಟ್ಟಿಯನ್ನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದೆ. ಅದರಲ್ಲಿ ಹೆದ್ದಾರಿ ಇಲ್ಲ. ನಮ್ಮ ಜಿಲ್ಲೆಯ ಗುಡ್ಡಗಳ ಹೊಟ್ಟೆ ಸೀಳಿದ ಕೆಲಸ ಯಾವುದೋ ಅದು ನಿಷೇಧದಲ್ಲಿಲ್ಲ. ನಾವು ಹೆದರಿಕೊಂಡಿದ್ದ ಹೆಂಚೂ ಇಲ್ಲ. ಹಾಗೆಂದು ಗುಡ್ಡ ಜಾರುವುದೆಲ್ಲ ರಸ್ತೆಯಿಂದಲೇ ಎನ್ನುವಂತಿಲ್ಲ. ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ 2021ರ ಜುಲೈ ಮಳೆಗೆ ತೋಟಗಳೇ ಕೊಚ್ಚಿಹೋದವು, ಅಲ್ಲಿ ಹೆದ್ದಾರಿ ಇರಲಿಲ್ಲ. ಇದನ್ನು ನೆನಪಿಸಿದವರು ಆ ಕಡೆಗೆ ಮಗಳನ್ನು ಕೊಟ್ಟವರು. ಹುಡುಗ ತಲೆಯಾಡಿಸಿ, ಹಾಗಾದರೆ ಎರಡಕ್ಕೂ ಬೇರೆ ಬೇರೆ ಕಾರಣ ಬರೆಯಬೇಕು ಎಂದ. ದೂರದರ್ಶನದ ಚರ್ಚೆಗಳಲ್ಲಿ ಒಬ್ಬರಾದರೂ ಎದುರಿನವರ ಮಾತು ಕೇಳಿ ತಮ್ಮ ವಾಕ್ಯ ತಿದ್ದಿಕೊಂಡದ್ದನ್ನು ನಾನು ನೋಡಿಲ್ಲ.

ಊಟದ ಹೊತ್ತು ಮೀರಿತ್ತು. ಮಾಸ್ತರರು ಬೇಡ್ತಿಯ ಕತೆ ತೆಗೆದರು. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಬಗ್ಗೆ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ವಿಚಾರಗೋಷ್ಠಿ ನಡೆಸಿತ್ತು. ವಿಜ್ಞಾನಿಗಳು, ಎಂಜಿನಿಯರುಗಳು, ರೈತರು ಒಂದೇ ಸಭೆಯಲ್ಲಿ ಕೂತು ಮುಳುಗುವ ತೋಟಕ್ಕೆಷ್ಟು, ಕಾಡಿಗೆಷ್ಟು, ಬರುವ ವಿದ್ಯುತ್ತಿಗೆಷ್ಟು ಎಂದು ಲೆಕ್ಕ ಹಾಕಿದರು. ಯೋಜನೆ ನಿಂತಿತು. ಅಡಿಕೆ ವ್ಯಾಪಾರದ ಸಹಕಾರಿ ಸಂಘವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಅದೇ ವರ್ಗದ ಸಂಘದಲ್ಲಿ ದುಡಿಯುವ ನನಗೆ ಯಾವಾಗಲೂ ಖುಷಿಯ ಸಂಗತಿ. "ಆಗ ನಾವು ಬೇಡವೆಂದದ್ದಕ್ಕೆ ಲೆಕ್ಕ ಕೊಟ್ಟಿದ್ದೆವು" ಎಂದರು ಮಾಸ್ತರರು. ಹಿಂದಿನಿಂದ ಒಬ್ಬರು, ಮುಳುಗುವ ತೋಟವಿದ್ದವರ ಲೆಕ್ಕ ಮಾತ್ರ ಎಂದು ಸೇರಿಸಿದರು. ಅದೂ ದಾಖಲಾಗಲಿ ಎಂದು ನಾನೇ ಬರೆದುಕೊಂಡೆ.

ಠರಾವು ಬದಲಾಯಿತು ಎಂದು ಹೇಳಿದರೆ ಚೆನ್ನಾಗಿರುತ್ತಿತ್ತು. ಬದಲಾಗಲಿಲ್ಲ, ಸಹಿ ಆಗಿಹೋಗಿತ್ತು, ತಿರಸ್ಕಾರ ಹಾಗೆಯೇ ಉಳಿಯಿತು. ಅದರ ಹಿಂದೆ ಎರಡನೆಯ ಹಾಳೆ ಸೇರಿಸಲು ಮಾತ್ರ ಪಿಡಿಒ ಒಪ್ಪಿದರು. ಗಡಿಯನ್ನು ನೆಲದ ಮೇಲೆ ನೋಡಿ ತಿದ್ದಬೇಕು. ಸೊಪ್ಪಿನ ಬೆಟ್ಟವನ್ನು ಬೇರೆಯಾಗಿ ಗುರುತಿಸಬೇಕು. ಗುಡ್ಡ ಕತ್ತರಿಸುವ ರಸ್ತೆಗಳನ್ನೂ ನಿಯಮದೊಳಗೆ ತರಬೇಕು. ತಿರಸ್ಕೃತ ಅರ್ಜಿಗಳನ್ನು ಮತ್ತೆ ನೋಡುವವರೆಗೆ ಯಾರನ್ನೂ ಎಬ್ಬಿಸಬಾರದು. ಕ್ವಾರಿಯ ಕೂಲಿಯ ಪ್ರಶ್ನೆಗೆ ಬೇಡಿಕೆಯ ರೂಪ ಕೊಡಲು ಯಾರಿಗೂ ಬರಲಿಲ್ಲ. ಅವಳು ಕೇಳಿದ ಹಾಗೆಯೇ ಬರೆದೆವು. ಕ್ವಾರಿ ಯಜಮಾನರು ಎರಡನೆಯ ಹಾಳೆಗೆ ಸಹಿ ಹಾಕದೆ ಎದ್ದು ಹೋದರು.

ಸೆಪ್ಟೆಂಬರ್ ಕೊನೆಯ ವಾರದಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ನಮ್ಮ ಎರಡನೆಯ ಹಾಳೆಯನ್ನು ಜಿಲ್ಲೆಯಲ್ಲೋ ರಾಜಧಾನಿಯಲ್ಲೋ ಯಾರಾದರೂ ಓದಿದ್ದರೆ ನನಗೆ ಆಶ್ಚರ್ಯವಾಗುತ್ತದೆ.

ಊರಿನಲ್ಲಿ ಮಾತ್ರ ಒಂದು ತೊಂದರೆ ಶುರುವಾಗಿದೆ. ಮುಂದಿನ ಗ್ರಾಮಸಭೆಯಲ್ಲಿ ಉದ್ಯೋಗ ಖಾತರಿಯ ಕ್ರಿಯಾಯೋಜನೆಗೆ ಅನುಮೋದನೆ ಕೇಳಿದಾಗ, ಕಲ್ಲು ಹೊರುವ ಆ ಹೆಂಗಸು ಎದ್ದು ಪೂರ್ತಿ ಓದಿ ಎಂದಳು. ಪಿಡಿಒ ಗಡಿಯಾರ ನೋಡಿಕೊಂಡರು. ಕಾಮಗಾರಿ, ಅಂದಾಜು ಮೊತ್ತ, ಮಾನವ ದಿನ, ಹೀಗೆ ಪುಟಗಟ್ಟಲೆ. ಓದಿ ಮುಗಿಯುವಷ್ಟರಲ್ಲಿ ಅರ್ಧ ಜನ ಹಾಲು ಕರೆಯುವ ಹೊತ್ತಾಯಿತೆಂದು ಮನೆಗೆ ಹೋಗಿದ್ದರು. ಅವಳು ಕೊನೆಯವರೆಗೂ ಕೂತಿದ್ದು, ತನ್ನ ಕೇರಿಯವರು ಹಳ್ಳ ದಾಟುವ ಕಾಲುಸಂಕ ಯಾವ ಸಾಲಿನಲ್ಲಿದೆ ಎಂದು ಕೇಳಿದಳು.